ಎಡೆ ಮುಟ್ಟಿದ ಕೈ

ಮಹಾಲಯ ಅಮಾವಾಸ್ಯೆಯ ದಿನ ನಮ್ಮತ್ತೆ ಲಿಂಗಮ್ಮ ಯಾರ ಮಾತನ್ನೂ ಕೇಳುವವರಲ್ಲ. ಮಟನ್ ಯಾವ ಅಂಗಡಿಯಿಂದ ಬರಬೇಕು, ಕೈಮಾ ಉಂಡೆಗೆ ಹುರಿಗಡಲೆ ಎಷ್ಟು ಬೀಳಬೇಕು, ಬಾಳೆ ಎಲೆಯ ತುದಿ ಯಾವ ಕಡೆಗಿರಬೇಕು, ಎಲ್ಲವೂ ಅವರದೇ ತೀರ್ಮಾನ. ಗೋವಿಂದರಾಜನಗರದ ಈ ಬೀದಿ ಇನ್ನೂ ರಾಗಿ ಹೊಲವಾಗಿದ್ದಾಗ ಸೊಸೆಯಾಗಿ ಬಂದವರು ಅವರು. ಹೊಲ ಹೋಗಿ ಸೈಟುಗಳಾದವು, ಉಳಿದ ಒಂದು ಸೈಟಿನ ಮೇಲೆ ಮಹಡಿಗಳೆದ್ದು ಬಾಡಿಗೆಯವರು ಬಂದರು. ಕೆಳಗಿನ ನಮ್ಮ ಮನೆಯ ನಡುಕೋಣೆಯನ್ನು ಮಾತ್ರ ಅವರು ಯಾರಿಗೂ ಮುಟ್ಟಲು ಬಿಡಲಿಲ್ಲ. ಆ ಕೋಣೆಗೆ ಎರಡು ಬಾಗಿಲು. ಒಂದು ಹಾಲಿಗೆ, ಇನ್ನೊಂದು ಹಿಂದಿನ ಬಟ್ಟೆ ಒಗೆಯುವ ಜಾಗಕ್ಕೆ. ಎಡೆ ಇಡುವುದು ಅಲ್ಲೇ.

ಎಡೆ ಎಂದರೆ ಸತ್ತವರಿಗೆ ಬಡಿಸುವ ಊಟ. ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದೆಲ್ಲ ಎಲೆಯ ಮೇಲೆ ಇರಬೇಕು. ಮಾವನ ಫೋಟೋದ ಮುಂದೆ ಮುದ್ದೆ, ಬೋಟಿ ಸಾರು, ಒಂದು ಕಟ್ಟು ಬೀಡಿ. ನನ್ನ ಗಂಡ ಮುನಿರಾಜುವಿನ ಮುಂದೆ ಕೈಮಾ ಉಂಡೆ, ಕಜ್ಜಾಯ, ಗ್ಲಾಸಿನಲ್ಲಿ ಬ್ರಾಂದಿ, ಪಕ್ಕದಲ್ಲಿ ಮಡಿಚಿಟ್ಟ ಹೊಸ ಶರಟು. ಧೂಪ ಹಾಕಿ, ಕೈಮುಗಿದು, ಎಲ್ಲರೂ ಹೊರಗೆ ಬಂದು ಹಾಲಿನ ಕಡೆಯ ಬಾಗಿಲು ಮುಚ್ಚುತ್ತೇವೆ. ಹಿಂದಿನ ಬಾಗಿಲಿನ ಚಿಲಕ ತೆಗೆದೇ ಇರುತ್ತದೆ. ಬರುವವರಿಗೆ ದಾರಿ ಬೇಕಲ್ಲ. ಸ್ವಲ್ಪ ಹೊತ್ತು ಬಿಟ್ಟು, ಜೋರಾಗಿ ಕೆಮ್ಮಿ, ಆಮೇಲೆ ಬಾಗಿಲು ತೆಗೆಯಬೇಕು. ಉಣ್ಣುತ್ತಾ ಕೂತವರ ಮಧ್ಯೆ ನುಗ್ಗಬಾರದು ಎಂದು.

ಮುನಿರಾಜು ಕಾಮಾಲೆಯಿಂದ ತೀರಿಕೊಂಡ ವರ್ಷ ನಾನು ಊಟ ಬಿಟ್ಟವಳಂತೆಯೇ ಇದ್ದೆ. ಮಗಳು ಕವನಾಗೆ ತುತ್ತು ಮಾಡಿ ಕೊಟ್ಟು, ಉಳಿದದ್ದನ್ನು ಸಿಂಕಿಗೆ ಚೆಲ್ಲುತ್ತಿದ್ದೆ. ಆ ಸಲ ಮೊದಲ ಎಡೆಯ ದಿನ ಬಾಗಿಲು ತೆಗೆದಾಗ ಕೈಮಾ ಉಂಡೆ ಒಡೆದಿತ್ತು, ಅರ್ಧ ಇರಲಿಲ್ಲ. ಬ್ರಾಂದಿ ಇಳಿದಿತ್ತು. ಕವನಾ ಚಪ್ಪಾಳೆ ತಟ್ಟಿ, "ಅಪ್ಪ ತಿಂದಿದಾರೆ! ಅಪ್ಪ ತಿಂದಿದಾರೆ!" ಎಂದು ಕುಣಿದಳು. ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ, "ನೋಡವ್ವ, ನಿನ್ ಕೈಯಡುಗೆ ಬಿಟ್ಟಿರಕಾಯ್ತದಾ ಅವನಿಗೆ" ಎಂದರು. ಆ ಮಧ್ಯಾಹ್ನ ನಾನು ಹೊಟ್ಟೆ ತುಂಬ ಉಂಡೆ.

ಆಮೇಲೆ ಪ್ರತಿ ವರ್ಷವೂ ಹಾಗೇ ಆಯಿತು. ಮಾವನ ಎಲೆ ಮಾತ್ರ ಬಡಿಸಿದಂತೆಯೇ ಇರುತ್ತಿತ್ತು. ಅದಕ್ಕೂ ಅತ್ತೆಯ ಹತ್ತಿರ ಉತ್ತರವಿತ್ತು. "ಬದುಕಿದ್ದಾಗ್ಲೇ ನನ್ನ ಸಾರಿಗೆ ಮೂತಿ ತಿರುವೋನು. ಈಗ ತಿಂತಾನಾ?"

ಬಾಗಿಲು ಮುಚ್ಚಿದ ಹೊತ್ತಿನಲ್ಲಿ ಅತ್ತೆ ನಮ್ಮ ಜೊತೆ ಹಾಲಿನಲ್ಲಿ ನಿಲ್ಲುತ್ತಿರಲಿಲ್ಲ. ನಿಲ್ಲಲಾರೆ, ಕರುಳು ಹಿಂಡುತ್ತದೆ ಎಂದು ಅಡುಗೆಮನೆ ದಾಟಿ ಹಿಂದೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತು ಅಳುತ್ತಿದ್ದರು. ಹೆತ್ತ ತಾಯಿ ಅಳುವಾಗ ಹಿಂದೆ ಹೋಗಿ ನಿಲ್ಲುವುದು ಸರಿಯಲ್ಲವೆಂದು ನಾವು ಯಾರೂ ಅತ್ತ ಸುಳಿಯುತ್ತಿರಲಿಲ್ಲ.

ನಾನು ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸ್ವಿಚ್ ತಯಾರಿಸುವ ಒಂದು ಫ್ಯಾಕ್ಟರಿಯ ಪ್ಯಾಕಿಂಗ್ ಸೆಕ್ಷನ್ನಿನ ಸೂಪರ್‌ವೈಸರ್. ಬೆಳಿಗ್ಗೆ ಎದ್ದರೆ ಡಬ್ಬಿ, ಬಸ್ಸು, ಶಿಫ್ಟು, ಸಂಜೆ ತರಕಾರಿ, ಮಗಳ ಹೋಮ್‌ವರ್ಕು, ಅತ್ತೆಯ ಬಿಪಿ ಮಾತ್ರೆ. ಚನ್ನಕೇಶವ ಅದೇ ಫ್ಯಾಕ್ಟರಿಯಲ್ಲಿ ಮೆಷಿನ್ ಮೇಂಟೆನೆನ್ಸ್ ನೋಡುವವರು. ಹೆಂಡತಿಯಿಂದ ಡಿವೋರ್ಸ್ ಆಗಿ ಬಹಳ ಕಾಲವಾಗಿತ್ತು, ನಂದಿನಿ ಲೇಔಟಿನಲ್ಲಿ ಒಬ್ಬರೇ ಇದ್ದರು. ನಮ್ಮ ಸೀಲಿಂಗ್ ಮೆಷಿನ್ ಕೆಟ್ಟಾಗಲೆಲ್ಲ ಬಂದು, ಅದನ್ನು ಬೈಯುತ್ತಾ ರಿಪೇರಿ ಮಾಡುತ್ತಿದ್ದರು. "ನಿಮ್ ಮೆಷಿನ್‌ಗೂ ನಿಮ್ ಥರಾನೇ ಮೇಡಂ, ರೆಸ್ಟ್ ಇಲ್ಲ" ಎನ್ನುತ್ತಿದ್ದರು. ಕಳೆದ ಶ್ರಾವಣದಲ್ಲಿ ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ ನೇರವಾಗಿ ಕೇಳಿಬಿಟ್ಟರು.

"ನಂಗೆ ಅಡುಗೆ ಮಾಡಿ ಹಾಕೋಕೆ ಯಾರೂ ಬೇಡ ಸುಮಾ ಅವರೇ, ನಂಗೇ ಚೆನ್ನಾಗಿ ಬರತ್ತೆ. ಪಕ್ಕದಲ್ಲಿ ಕೂತು ಊಟ ಮಾಡೋರು ಒಬ್ಬರು ಇದ್ರೆ ಸಾಕು ಅನ್ಸತ್ತೆ. ಮಗಳನ್ನೂ ಕರ್ಕೊಂಡ್ ಬನ್ನಿ. ಯೋಚನೆ ಮಾಡಿ."

ನಾನು ಯೋಚನೆ ಮಾಡಿದೆ. ಬಹಳ ದಿನಗಳಾದ ಮೇಲೆ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಬೇಕು ಅನ್ನಿಸಿತು. ಬೇಕು ಅನ್ನಿಸಿದ್ದರಿಂದಲೇ ಭಯವೂ ಆಯಿತು.

ಕವನಾಳ ಎದುರಿಗೇ ಅತ್ತೆಗೆ ಹೇಳಿದೆ. ಅವರು ಕೂಗಾಡಲಿಲ್ಲ. ಬೆಳ್ಳುಳ್ಳಿ ಬಿಡಿಸುತ್ತಿದ್ದರು, ಬಿಡಿಸುತ್ತಲೇ ಇದ್ದರು. "ಬ್ಯಾಡ ಅನ್ನಕೆ ನಾನ್ಯಾರವ್ವ? ವಯಸ್ಸಿನ ಹೆಣ್ಣು ನೀನು. ಅವನ್ನೇ ಒಂದ್ ಮಾತು ಕೇಳ್ಬುಡು."

"ಯಾರನ್ನ ಅತ್ತೆ?"

"ನಿನ್ ಗಂಡನ್ನ. ಅಮಾಸೆ ಬತ್ತದಲ್ಲ. ಎಡೆ ಇಕ್ಕು. ವರ್ಷಾ ವರ್ಷಾ ತಿಂದಂಗೆ ತಿಂದ್ರೆ, ಅವನಿನ್ನೂ ಈ ಮನೆಗೆ ಬತ್ತಾನೆ, ನೀನವನ ಹೆಂಡ್ತಿ ಅಂತ್ಲೇ. ಮುಟ್ನಿಲ್ಲ ಅಂದ್ರೆ ಅವನ ದಾರಿ ಅವನಿಡ್ಕೊಂಡ. ನೀನೂ ಓಗು. ನಾನೇ ಅರಿಸಿನ ಕುಂಕುಮ ಇಕ್ಕಿ ಕಳಿಸ್ತೀನಿ."

ನನಗೆ ಅದು ನ್ಯಾಯ ಅನ್ನಿಸಿತು. ಇಷ್ಟು ವರ್ಷ ನನ್ನ ಕೈಯಡುಗೆ ತಿಂದು ಹೋದವನಿಗೆ ಹೇಳದೆ ಹೇಗೆ ಹೋಗಲಿ?

ಆ ಅಮಾವಾಸ್ಯೆ ಭಾನುವಾರ ಬಂದಿತ್ತು. ನಾನು ಬೇಕೆಂದೇ ಎಲ್ಲವನ್ನೂ ಚೆನ್ನಾಗಿ ಮಾಡಿದೆ. ಮೋಸ ಮಾಡಿ ಕೆಟ್ಟದಾಗಿ ಬೇಯಿಸಿ, ಅವನು ತಿನ್ನದಂತೆ ಮಾಡಿದೆ ಎಂದು ಆಮೇಲೆ ನನಗೇ ಅನ್ನಿಸಬಾರದಲ್ಲ. ಫೋಟೋದ ಮುಂದೆ ಕೂತು ಮನಸ್ಸಿನಲ್ಲೇ ಎಲ್ಲ ಹೇಳಿದೆ. ಚನ್ನಕೇಶವರ ಹೆಸರನ್ನೂ ಹೇಳಿದೆ. ಕೋಣೆಯಿಂದ ಕೊನೆಗೆ ಹೊರಗೆ ಬಂದವಳು ಕವನಾ. ಫೋಟೋದ ಹಾರ ಸರಿ ಮಾಡುತ್ತಾ ನಿಂತಿದ್ದಳು.

"ಬೇಗ ಬಾರೇ, ಅಪ್ಪ ಕಾಯ್ತಿರ್ತಾರೆ" ಎಂದೆ.

"ಬಂದೆ ಮಮ್ಮಿ."

ಅತ್ತೆ ಎಂದಿನಂತೆ ಹಿಂದೆ ಹೋದರು. ನಾನು ಮುಚ್ಚಿದ ಬಾಗಿಲಿಗೆ ಅಂಗೈ ಒತ್ತಿ ನಿಂತೆ. ತಿನ್ನಬೇಡ ಎಂದು ಬೇಡಿಕೊಳ್ಳಬೇಕೋ, ತಿನ್ನು ಎಂದು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. ಕೊನೆಗೆ ಕೆಮ್ಮಿ ಬಾಗಿಲು ತೆಗೆದೆ.

ಕೈಮಾ ಉಂಡೆ ಒಡೆದಿತ್ತು. ಬ್ರಾಂದಿ ಹಿಂದೆಂದಿಗಿಂತ ಹೆಚ್ಚು ಇಳಿದಿತ್ತು. ಕಜ್ಜಾಯದ ಅಂಚೂ ಮುರಿದಿತ್ತು.

"ನಿನ್ನ ಬಿಟ್ಟು ಎಲ್ಲೋದಾನವ್ವ" ಎನ್ನುತ್ತಾ ಅತ್ತೆ ನನ್ನ ತಲೆ ಸವರಿದರು.

ಸೋಮವಾರ ಚನ್ನಕೇಶವರಿಗೆ ಆಗುವುದಿಲ್ಲ ಎಂದೆ. ಕಾರಣ ಹೇಳಲಿಲ್ಲ. ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸುತ್ತಾ, "ಸರಿ ಬಿಡಿ, ಬೇಜಾರೇನಿಲ್ಲ" ಎಂದರು. ಅಂದಿನಿಂದ ನಮ್ಮ ಸೀಲಿಂಗ್ ಮೆಷಿನ್ ಕೆಟ್ಟರೆ ಬೇರೆ ಯಾರನ್ನೋ ಕಳಿಸುತ್ತಿದ್ದರು.

ದಸರಾ ಮುಗಿಯಿತು, ದೀಪಾವಳಿಯೂ ಮುಗಿಯಿತು. ಅಷ್ಟರಲ್ಲಿ ಮನೆಯಲ್ಲಿ ಹ್ಯಾಲೊವೀನ್ ಗದ್ದಲ ಶುರುವಾಯಿತು. ಒಂಬತ್ತನೇ ಕ್ಲಾಸಿನಲ್ಲಿರುವ ಕವನಾಗೆ ಅನಘಾ ಎಂಬ ಗೆಳತಿ, ಬಸವೇಶ್ವರನಗರದ ಒಂದು ಅಪಾರ್ಟ್‌ಮೆಂಟಿನವಳು. ಅಲ್ಲಿನ ಪಾರ್ಟಿ ಹಾಲಿನಲ್ಲಿ ಮಕ್ಕಳಿಗೆ ಹ್ಯಾಲೊವೀನ್ ಪಾರ್ಟಿ. ವೇಷ ಹಾಕಬೇಕು, ಜೊತೆಗೆ ಮೊಬೈಲಿನಲ್ಲಿ ಮಾಡಿದ ಹಾರರ್ ವಿಡಿಯೋಗಳ ಸ್ಪರ್ಧೆ. ವಿಷಯ, 'ನಮ್ಮ ಮನೆಯ ದೆವ್ವ'. ಕವನಾ ಮೋಹಿನಿಯಾಗುವುದಾಗಿ ಹೇಳಿ ನನ್ನ ಬಿಳಿ ಸೀರೆ ತೆಗೆದುಕೊಂಡಳು. ಸಾಂಬಾರಿಗೆಂದು ತಂದಿದ್ದ ಕುಂಬಳಕಾಯಿಗೆ ಕಣ್ಣು, ಹಲ್ಲು ಕೊರೆದಳು.

"ಏನೇ ಇದು, ತಿನ್ನೋದಕ್ಕೆ ಮೂತಿ ಕುಯ್ದಿದೀಯ?" ಎಂದು ಅತ್ತೆ ನಕ್ಕರು. "ದೃಷ್ಟಿಗೆ ಮನೆ ಮುಂದೆ ನೇತಾಕೋದಾದ್ರೆ ಬೂದುಗುಂಬಳ ತರಬೇಕಿತ್ತು ಕಣೇ, ಲೂಸು."

"ಅಜ್ಜಿ, ಇದು ಫಾರಿನ್ ದೃಷ್ಟಿ ಕಣಜ್ಜಿ."

ಇಬ್ಬರೂ ನಗುತ್ತಾ ಕೂತಿರುತ್ತಿದ್ದರು. ನಾನು ಕೋಣೆಗೆ ಬಂದರೆ ಮೊಬೈಲು ಮಗುಚಿಕೊಳ್ಳುತ್ತಿತ್ತು. ಅಜ್ಜಿ ಮೊಮ್ಮಗಳ ಸಲಿಗೆ ನೋಡಿ, ಒಳ್ಳೆಯದೇ ಆಯಿತು, ನಾನು ಇಲ್ಲೇ ಉಳಿದದ್ದು ಇವರಿಬ್ಬರಿಗೆ ಒಳ್ಳೆಯದಾಯಿತು ಅಂದುಕೊಂಡೆ.

"ಮಮ್ಮಿ, ನೀನ್ ಬರೋದ್ ಬೇಡ, ನಿಂಗೆ ಬೋರ್ ಆಗತ್ತೆ. ಅನಘಾ ಅವರಮ್ಮಾನೇ ವಾಪಸ್ ಬಿಡ್ತಾರೆ" ಎಂದಳು ಕವನಾ. ನನಗೂ ಆ ಸಂಜೆ ಓವರ್‌ಟೈಮ್ ಇತ್ತು. ಆದರೆ ಫ್ಯಾಕ್ಟರಿಯಲ್ಲಿ ಕರೆಂಟು ಹೋಗಿ, ಜನರೇಟರೂ ಕೈಕೊಟ್ಟು, ಎಲ್ಲರನ್ನೂ ಬೇಗ ಕಳಿಸಿದರು. ಹತ್ತಿರವೇ ಅಲ್ಲವೇ, ಮಗಳ ವೇಷವನ್ನೂ ನೋಡಿದಂತಾಗುತ್ತದೆ ಎಂದು ನಾನು ಸೀದಾ ಬಸವೇಶ್ವರನಗರಕ್ಕೆ ಹೋದೆ.

ಪಾರ್ಟಿ ಹಾಲಿನ ಲೈಟು ಆರಿಸಿದ್ದರು. ಕಪ್ಪು ಕಾಗದದ ಬಾವಲಿಗಳು ಫ್ಯಾನಿಗೆ ನೇತಾಡುತ್ತಿದ್ದವು. ರಕ್ತದಂತೆ ಕೆಚಪ್ ಬಳಿದುಕೊಂಡ ಮಕ್ಕಳು ನೆಲದ ಮೇಲೆ, ದೊಡ್ಡವರು ಹಿಂದಿನ ಕುರ್ಚಿಗಳಲ್ಲಿ ಕೂತಿದ್ದರು. ಅನಘಾಳ ತಾಯಿ ಚೈತನ್ಯಾ ನನ್ನನ್ನು ನೋಡಿ, "ಬನ್ನಿ ಬನ್ನಿ, ಕರೆಕ್ಟ್ ಟೈಮಿಗೆ ಬಂದ್ರಿ, ನಿಮ್ ಮಗಳದ್ದೇ ಈಗ" ಎಂದು ಪಕ್ಕದ ಕುರ್ಚಿ ತೋರಿಸಿದರು.

ಪರದೆಯ ಮೇಲೆ ಮೊದಲು ಕಪ್ಪು. ಆಮೇಲೆ ಕವನಾಳ ದನಿ, ಉಸಿರು ಬಿಗಿಹಿಡಿದಂತೆ. "ಪ್ರತಿ ವರ್ಷ ಅಮಾವಾಸ್ಯೆ ದಿನ ನಮ್ಮ ಮನೆಗೆ ಒಬ್ಬರು ಊಟಕ್ಕೆ ಬರ್ತಾರೆ."

ನಮ್ಮ ನಡುಕೋಣೆ. ಮುನಿರಾಜುವಿನ ಎಲೆ. ನಾನು ಬೆಳಿಗ್ಗೆಯಿಂದ ನಿಂತು ಕಟ್ಟಿದ ಉಂಡೆಗಳು. ಕ್ಯಾಮೆರಾ ಫೋಟೋದ ಹಾರದ ಒಳಗಿನಿಂದ ನೋಡುತ್ತಿತ್ತು, ಚೆಂಡುಹೂವಿನ ಎಸಳು ಅಂಚಿನಲ್ಲಿ ಕಾಣುತ್ತಿತ್ತು. ಎಲ್ಲೋ ಬಾಗಿಲು ಕಿರ್ರೆಂದಿತು. ಮಕ್ಕಳು ಒಬ್ಬರನ್ನೊಬ್ಬರು ಹಿಡಿದುಕೊಂಡರು.

ಬಲಗಡೆಯಿಂದ ಒಂದು ಕೈ ಬಂತು. ಕೈ ಮಾತ್ರ. ನಿಧಾನವಾಗಿ ಉಂಡೆ ಒಡೆಯಿತು. ಗ್ಲಾಸು ಎತ್ತಿತು, ಗ್ಲಾಸು ಮೇಲಕ್ಕೆ ಕಾಣೆಯಾಯಿತು, ಇಳಿದು ಬಂದಾಗ ಅರ್ಧವಾಗಿತ್ತು. ಮಕ್ಕಳು ಕಿಟಾರನೆ ಕಿರುಚಿದರು. ಸುಕ್ಕು ಚರ್ಮ, ಮಣಿಕಟ್ಟಿನ ಮೇಲೆ ಬಾಲ ಎತ್ತಿದ ಚೇಳಿನ ಹಸಿರು ಹಚ್ಚೆ.

"ಆ ಚೇಳು ನೋಡೋ ಮಗಾ! ಮೇಕಪ್ ಸೂಪರ್!" ಎಂದ ಯಾವನೋ ಹುಡುಗ.

ಆ ಕೈಗೆ ನಾನು ದಿನವೂ ಮಾತ್ರೆ ಕೊಡುತ್ತೇನೆ. ಆ ಕೈ ಅಂದು ನನ್ನ ತಲೆ ಸವರಿತ್ತು.

ಲೈಟು ಬಂತು. ಚಪ್ಪಾಳೆ, ಶಿಳ್ಳೆ. ಕವನಾಗೆ ಮೊದಲ ಬಹುಮಾನ ಎಂದರು. ನನ್ನ ಬಿಳಿ ಸೀರೆಯಲ್ಲಿ, ಕಣ್ಣಿನ ಸುತ್ತ ಕಾಡಿಗೆ ಬಳಿದುಕೊಂಡು ನಿಂತಿದ್ದವಳ ಕೈಗೆ ಮೈಕು ಕೊಟ್ಟರು. "ಥ್ಯಾಂಕ್ಯೂ. ಇದು ನಿಜವಾಗ್ಲೂ ನಮ್ಮ ಮನೇಲೇ..." ಎನ್ನುತ್ತಿದ್ದವಳು ನನ್ನನ್ನು ನೋಡಿದಳು. ಮೈಕು ಕೆಳಗಿಳಿಯಿತು.

ಚೈತನ್ಯಾ ನನ್ನ ಕಡೆ ಬಾಗಿ, "ಎಷ್ಟು ನ್ಯಾಚುರಲ್ ಆಗಿ ತೆಗ್ದಿದಾಳೆ ಅಲ್ವಾ! ನಮ್ಮಲ್ಲೆಲ್ಲ ಈ ಎಡೆ ಪದ್ಧತಿ ಇಲ್ಲ. ಆ ಕೈ ಯಾರದ್ದು, ನಿಮ್ದಾ?" ಎಂದರು.

"ಅಲ್ಲ" ಎಂದೆ.

ಆಟೋದಲ್ಲಿ ಕವನಾ ಬಹುಮಾನದ ಕಪ್ಪನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು. ಹಾವನೂರು ಸರ್ಕಲ್ ದಾಟುವವರೆಗೂ ನಾನು ಕೇಳಲಿಲ್ಲ.

"ಯಾವಾಗ ನೋಡ್ದೆ ಇದನ್ನ?"

"ಅವತ್ತೇ. ಮಧ್ಯಾಹ್ನಾನೇ." ದನಿ ಸಣ್ಣದಾಗಿತ್ತು. "ಅಪ್ಪ ಬರ್ತಾರಾ ಅಂತ ನೋಡೋಣ ಅಂತ ಇಟ್ಟಿದ್ದೆ ಮಮ್ಮಿ. ಪ್ರಾಮಿಸ್. ನಾನೂ ತುಂಬಾ ಅತ್ಬಿಟ್ಟೆ."

"ಸೋಮವಾರ ನಾನು ಅವರಿಗೆ ಬೇಡ ಅಂದೆ. ಅಷ್ಟೊತ್ತಿಗಾಗ್ಲೇ ನಿಂಗೆ ಗೊತ್ತಿತ್ತು."

ಅವಳು ಕಪ್ಪನ್ನು ಸೆರಗಿನೊಳಗೆ ಇನ್ನಷ್ಟು ಒತ್ತಿಕೊಂಡಳು.

"ಯಾಕೆ ಹೇಳ್ಲಿಲ್ಲ ಕವನಾ?"

"ಹೇಳಿದ್ರೆ ನೀನು ಹೊರಟ್ ಹೋಗ್ತಿದ್ದೆ. ನಂಗೆ ನಂದಿನಿ ಲೇಔಟ್ ಬೇಡ. ನಂಗೆ ಆ ಅಂಕಲ್ ಬೇಡ. ಅಂದ್ರೆ ಅಂಕಲ್ ಓಕೆ, ಆದ್ರೆ..." ಕಾಡಿಗೆ ಕೆನ್ನೆಗೆ ಇಳಿಯತೊಡಗಿತು. "ಅಜ್ಜಿಗೆ ತೋರ್ಸ್ದೆ. ಅಜ್ಜಿ ಹೇಳಿದ್ರು, ನಿಮ್ಮಮ್ಮಂಗೆ ಹೇಳ್ಬೇಡ, ನನ್ ಮುಖ ಕಟ್ ಮಾಡಿ ಏನ್ ಬೇಕಾದ್ರೂ ಮಾಡ್ಕೋ ಅಂತ."

ಮೊಬೈಲು ಮಗುಚಿಕೊಳ್ಳುತ್ತಿದ್ದದ್ದು ಅದಕ್ಕೆ. ನಾನು ಅಡುಗೆಮನೆಯಲ್ಲಿ ಅವರಿಬ್ಬರಿಗೆ ಚಪಾತಿ ಲಟ್ಟಿಸುವಾಗ ಅವರು ಒಂದೇ ದಿಂಬಿಗೆ ಒರಗಿ ನನ್ನ ಗಂಡನ ಊಟವನ್ನು ಕತ್ತರಿಸಿ, ಜೋಡಿಸಿ, ಹಿಂದೆ ಸಂಗೀತ ಹಾಕಿ ನೋಡುತ್ತಿದ್ದರು.

ಮನೆಯಲ್ಲಿ ಅತ್ತೆ ಟಿವಿಯ ಮುಂದೆ ಕೂತಿದ್ದರು. ನನ್ನ ಮುಖ, ಮೊಮ್ಮಗಳ ಮುಖ ನೋಡಿದ್ದೇ ರಿಮೋಟ್ ಒತ್ತಿದರು.

"ಗೊತ್ತಾಯ್ತಾ" ಎಂದರು.

"ಎಷ್ಟು ವರ್ಷದಿಂದ ಅತ್ತೆ?"

"ಮೊದಲ್ನೇ ವರ್ಷದಿಂದ." ಅವರು ತಲೆ ತಗ್ಗಿಸಲಿಲ್ಲ. "ಅವತ್ತು ನೀನು ಸಾಯೋ ಅಂಗಿದ್ದೆ ಕಣವ್ವ. ಹಿಡಿ ಅನ್ನ ಇಳೀತಿರ್ನಿಲ್ಲ ನಿಂಗೆ. ಮಗನ್ನ ಕಳ್ಕೊಂಡಿದ್ದೆ, ನಿನ್ನೂ ಕಳ್ಕೊಳ್ಳನಾ? ಅವನು ತಿಂದ ಅಂದ್ರೆ ನೀನು ತಿಂತೀಯ ಅಂತ ಒಂದ್ ಉಂಡೆ ಮುರ್ದೆ. ನೀನು ತಿಂದೆ ತಾನೇ?"

"ತಿಂದೆ."

"ಮತ್ತೆ?"

ಆ 'ಮತ್ತೆ' ಕೇಳಿ ನನಗೆ ಒಂದು ಕ್ಷಣ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತ್ತೇನೋ. ಆದರೆ ನನ್ನ ನಾಲಿಗೆ ಬೇರೆ ಹೇಳಿತು. "ಅದು ಮೊದಲ್ನೇ ವರ್ಷದ ಮಾತು. ಈ ವರ್ಷ? ಅವನ್ನೇ ಕೇಳು ಅಂದವರು ನೀವು. ನಾನು ಅವನ ಮುಂದೆ ಕೂತು ಎಲ್ಲ ಹೇಳ್ಕೊಂಡೆ ಅತ್ತೆ. ನೀವು ಹಿಂದಿನ ಬಾಗಿಲಿಂದ ಬಂದು ಉತ್ತರ ಬರೆದು ಹೋದ್ರಿ."

"ನೀನೋದ್ರೆ ನಂಗ್ಯಾರವ್ವ ಅವ್ರೆ? ಈ ಮಗೂನೂ ಕರ್ಕೊಂಡೋಯ್ತೀಯ. ನಾನು ಈ ಗೋಡೆಗಳ್ ಜೊತೆ ಮಾತಾಡ್ಲಾ?"

"ಹಾಗಂತ ನನ್ನ ಕೇಳ್ಬೇಕಿತ್ತು. ಹೋಗ್ಬೇಡ ಕಣೇ, ನಂಗೆ ಯಾರೂ ಇಲ್ಲ ಅಂದಿದ್ರೆ, ನಾನು ನಿಲ್ಲೋ ಚಾನ್ಸು ಅರ್ಧಕ್ಕರ್ಧ ಆದ್ರೂ ಇತ್ತು."

"ಅರ್ಧಕ್ಕರ್ಧ ಸಾಲ್ತಿರ್ನಿಲ್ಲ" ಎಂದರು ಅತ್ತೆ.

ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಚನ್ನಕೇಶವರಿಗೆ ಫೋನ್ ಮಾಡಿದೆ. ಎತ್ತುತ್ತಾರೋ ಇಲ್ಲವೋ ಎಂದುಕೊಂಡಿದ್ದೆ, ಎತ್ತಿದರು. ಹಿಂದೆ ಒಗ್ಗರಣೆಯ ಚಿಟಪಟ ಕೇಳಿಸುತ್ತಿತ್ತು. ಎಡೆ, ಅತ್ತೆ ಹೇಳಿದ ಮಾತು, ನಾನು ಒಪ್ಪಿದ್ದು, ಇವತ್ತಿನ ವಿಡಿಯೋ, ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೋದಂತೆ ಒಗ್ಗರಣೆಯ ಸದ್ದು ನಿಂತಿತು. ಸ್ಟೌ ಆರಿಸಿದ್ದರು ಅನ್ನಿಸುತ್ತದೆ.

"ಅಂದ್ರೆ, ನೀವಾಗೇ ಬೇಡ ಅಂದಿದ್ದಲ್ಲ" ಎಂದರು.

"ಅಲ್ಲ. ನಂಗೆ ಬೇಕಿತ್ತು."

ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ, "ಒಂದು ಹೇಳ್ಲಾ ಸುಮಾ ಅವರೇ? ನಾನು ಕೇಳಿದ್ದು ನಿಮ್ಮನ್ನ. ನೀವು ಹೋಗಿ ಒಂದು ಕೈಮಾ ಉಂಡೇನ ಕೇಳಿದ್ರಿ. ನಿಮ್ಮತ್ತೆ ನಿಮಗೆ ಮೋಸ ಮಾಡಿದ್ರು, ಸರಿ. ನೀವು ನಂಗೆ ಕಾರಣ ಕೂಡ ಹೇಳ್ಲಿಲ್ಲ. ಇಷ್ಟು ದಿನ ನನ್ನಲ್ಲಿ ಏನ್ ಕಮ್ಮಿ ಇತ್ತು ಅಂತ ಯೋಚ್ನೆ ಮಾಡ್ತಾ ಇದ್ದೆ ನಾನು."

"ತಪ್ಪಾಯ್ತು."

"ಈಗ ನನ್ನ ಕೈಲಿ ಏನೂ ಹೇಳೋಕಾಗ್ತಿಲ್ಲ. ನಂಗೆ ಸ್ವಲ್ಪ ಟೈಮ್ ಬೇಕು. ಕೊಡ್ತೀರಾ?"

"ಹೂಂ" ಎಂದೆ. ಫೋನು ಇಟ್ಟರು.

ಮೇಲಿನ ಬಾಡಿಗೆಯವರು ಬೈಕು ನಿಲ್ಲಿಸಿ, "ಊಟ ಆಯ್ತಾ ಆಂಟಿ?" ಎನ್ನುತ್ತಾ ನನ್ನನ್ನು ದಾಟಿ ಹತ್ತಿಹೋದರು. ನಾನು ಎದ್ದು ಒಳಗೆ ಬಂದೆ.

ಇಬ್ಬರೂ ಸೋಫಾದ ಮೇಲೆ ಕೂತಿದ್ದರು. ಕವನಾ ಇನ್ನೂ ಮುಖ ತೊಳೆದಿರಲಿಲ್ಲ.

"ಅವರು ಹೂಂ ಅಂತಾರೋ ಇಲ್ವೋ ಗೊತ್ತಿಲ್ಲ" ಎಂದೆ. "ಅವರು ಏನೇ ಅನ್ಲಿ, ನಾನು ಈ ಮನೇಲಿ ಇರಲ್ಲ ಅತ್ತೆ. ರಾಜಾಜಿನಗರದಲ್ಲೇ, ಫ್ಯಾಕ್ಟರಿ ಹತ್ರ ಒಂದು ಮನೆ ನೋಡ್ತೀನಿ. ನಿಮ್ಮ ಮಾತ್ರೆ, ಆಸ್ಪತ್ರೆ, ಅದೆಲ್ಲ ನಾನೇ ನೋಡ್ಕೊಳ್ತೀನಿ. ಅದಕ್ಕೆ ನೀವು ಹೆದ್ರೋದು ಬೇಡ."

ಅತ್ತೆ ರಿಮೋಟನ್ನು ಮಡಿಲಲ್ಲಿ ಹಿಡಿದುಕೊಂಡು ಕುಗ್ಗಿ ಕೂತರು. ಅಷ್ಟು ವಯಸ್ಸಾದವರಂತೆ ಅವರು ನನಗೆ ಎಂದೂ ಕಂಡಿರಲಿಲ್ಲ. ಆದರೂ ನನ್ನ ಕಾಲು ಅವರ ಕಡೆಗೆ ಏಳಲಿಲ್ಲ.

"ಕವನಾ, ನೀನು ನನ್ ಜೊತೆ ಬರ್ತೀಯಾ?"

ಅದನ್ನು ಪ್ರಶ್ನೆಯಾಗಿ ಕೇಳಬೇಕು ಎಂದುಕೊಂಡಿರಲಿಲ್ಲ. ನನ್ನ ಮಗಳು, ಬಾ ಎಂದರೆ ಬರುವವಳು. ಆದರೆ ಆ ಸಂಜೆ ಬಾಯಿಂದ ಹಾಗೇ ಬಂತು.

ಅವಳು ಉತ್ತರ ಕೊಡುವ ಮೊದಲು ತಿರುಗಿ ಅಜ್ಜಿಯ ಮುಖ ನೋಡಿದಳು.

ಆಮೇಲೆ, "ಬರ್ತೀನಿ ಮಮ್ಮಿ" ಎಂದಳು. ನಾನು ಅದನ್ನು ಕೇಳಿಸಿಕೊಂಡೆ. ನಂಬಬೇಕೆಂದು ಬಹಳ ಆಸೆಪಟ್ಟೆ.